ನೀರು ಕುಡಿಯುವ ನೈಲಾನ್, ಅಡ್ಡ ನಿಲ್ಲುವ ಜೇಡಿಮಣ್ಣು

ಕಾರಿನ ಬಾಗಿಲ ಪ್ಯಾನೆಲ್ ಹಿಡಿದಿಡುವ ನೈಲಾನ್ ಕ್ಲಿಪ್ಪು ಮೋಲ್ಡಿಂಗ್ ಮೆಷಿನ್ನಿನಿಂದ ಆಗತಾನೆ ಬಿದ್ದಾಗ ಬಲು ಪೆಡಸು. ಆ ಸ್ಥಿತಿಯಲ್ಲಿ ಅದನ್ನು ತೂತಿಗೆ ಒತ್ತಿ ಕೂರಿಸಲು ಹೋದರೆ ಕಾಲು ಲಟಕ್ಕನೆ ಮುರಿಯುತ್ತದೆ. ಅದಕ್ಕೇ ಎಷ್ಟೋ ಮೋಲ್ಡಿಂಗ್ ಶಾಪುಗಳಲ್ಲಿ ಕ್ಲಿಪ್ಪುಗಳನ್ನು ಪಾಲಿಥಿನ್ ಕವರಿಗೆ ತುಂಬುವಾಗ ಒಳಗೆ ಒಂದಿಷ್ಟು ನೀರು ಸುರಿದು ಬಾಯಿ ಕಟ್ಟಿಡುತ್ತಾರೆ. ಕೆಲವು ದಿನ ಕಳೆದರೆ ನೈಲಾನ್ ಆ ನೀರನ್ನು ಕುಡಿದು ಬಾಗಲು ಕಲಿತಿರುತ್ತದೆ. ಅದೇ ಶಾಪಿನಲ್ಲಿ ಅದೇ ನೈಲಾನಿನ ಗ್ರಾನ್ಯೂಲ್ಸನ್ನು ಮೆಷಿನ್ನಿಗೆ ಹಾಕುವ ಮುಂಚೆ 80 ಡಿಗ್ರಿ ಬಿಸಿಯ ಹಾಪರ್ ಡ್ರೈಯರಿನಲ್ಲಿ ನಾಲ್ಕಾರು ಗಂಟೆ ಒಣಗಿಸಿರುತ್ತಾರೆ. ತೇವ ಶೇ. 0.2ಕ್ಕಿಂತ ಕೆಳಗಿಳಿಯದಿದ್ದರೆ ಪಾರ್ಟಿನ ಮೈಮೇಲೆ ಬೆಳ್ಳಿಗೆರೆ ಏಳುತ್ತದೆ, ಕರಗಿದ ಪಾಲಿಮರಿನ ಸರಪಳಿಗಳು ತುಂಡಾಗಿ ಬಲ ಕುಗ್ಗುತ್ತದೆ. ಮೊದಲು ನೀರು ತೆಗೆಯಬೇಕು, ಆಮೇಲೆ ನೀರು ಕುಡಿಸಬೇಕು, ಕಾರಿಗೆ ಹತ್ತಿದ ಮೇಲೆ ಮತ್ತೆ ಹೆಚ್ಚು ಕುಡಿಯದಂತೆ ಕಾಯಬೇಕು. ಕಾರಿನ ಪ್ಲಾಸ್ಟಿಕ್ ಮತ್ತು ತೇವದ ನಡುವಿನ ಈ ವ್ಯವಹಾರವನ್ನು ಹಿಡಿತಕ್ಕೆ ತರಲು ನ್ಯಾನೊಮೀಟರ್ ಅಳತೆಯ ಕಣ ಬೆರೆಸಿದ ಪ್ಲಾಸ್ಟಿಕ್, ಅಂದರೆ ನ್ಯಾನೊಕಾಂಪೊಸಿಟ್ ಎಂಬ ವಸ್ತುವರ್ಗ ಮೂರು ದಶಕಕ್ಕೂ ಮೀರಿ ದುಡಿದಿದೆ. ಅದು ಎಷ್ಟು ಸಾಧಿಸಿತು, ಎಲ್ಲಿ ನಿಂತಿತು ಎಂಬುದನ್ನು ನೋಡುವ ಪ್ರಯತ್ನ ಇದು.

ನೈಲಾನಿಗೆ ನೀರಿನ ಮೋಹ ಬಂದದ್ದು ಅದರ ಹುಟ್ಟಿನಿಂದಲೇ. ಅದರ ಸರಪಳಿಯುದ್ದಕ್ಕೂ ಅಮೈಡ್ ಗುಂಪುಗಳಿವೆ. ಒಂದು ಸರಪಳಿಯ ಅಮೈಡ್ ಪಕ್ಕದ ಸರಪಳಿಯ ಅಮೈಡನ್ನು ಹೈಡ್ರೋಜನ್ ಬಂಧದಿಂದ ಹಿಡಿದಿರುತ್ತದೆ. ನೈಲಾನಿನ ಗಟ್ಟಿತನ, ಬಿಸಿ ತಾಳುವ ಶಕ್ತಿ ಎಲ್ಲ ಈ ಹಿಡಿತದಿಂದಲೇ. ನೀರಿನ ಅಣುವಿಗೂ ಹೈಡ್ರೋಜನ್ ಬಂಧವೆಂದರೆ ಅಷ್ಟೇ ಪ್ರೀತಿ. ಅದು ನಡುವೆ ನುಗ್ಗಿ ಎರಡೂ ಸರಪಳಿಗಳ ಕೈ ಬಿಡಿಸಿ ತಾನು ಕೂರುತ್ತದೆ. ಸರಪಳಿಗಳು ಸಡಿಲವಾಗುತ್ತವೆ, ವಸ್ತು ಮೆತ್ತಗಾಗುತ್ತದೆ, ಉಬ್ಬುತ್ತದೆ. ನೈಲಾನ್ 6 ಅನ್ನು ನೀರಿನಲ್ಲಿ ಮುಳುಗಿಸಿಟ್ಟರೆ ಕೊನೆಗೆ ತನ್ನ ತೂಕದ ಶೇ. 9ರಿಂದ 10ರಷ್ಟು ನೀರು ಹಿಡಿಯುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 50 ಇದ್ದರೂ ಸುಮಾರು ಶೇ. 3ರಷ್ಟು ತೇವ ಅದರೊಳಗೆ ನೆಲೆಸುತ್ತದೆ. ಒಣಗಿದ್ದಾಗ ಸುಮಾರು 3 ಗಿಗಾಪ್ಯಾಸ್ಕಲ್ ಇದ್ದ ಬಿಗುಪು ಅಷ್ಟಕ್ಕೇ ಅರ್ಧಕ್ಕೂ ಕೆಳಗಿಳಿಯುತ್ತದೆ. ಇನ್ನೊಂದು ಲೆಕ್ಕ ಎಂಜಿನಿಯರುಗಳ ನಿದ್ದೆ ಕೆಡಿಸುವಂಥದ್ದು: ಪೆಡಸಾದ ನೈಲಾನ್ ಮೆತ್ತಗಾಗಲು ಶುರುವಾಗುವ ಉಷ್ಣತೆ ಒಣಗಿದ್ದಾಗ 50–60 ಡಿಗ್ರಿ, ತೇವ ತುಂಬಿದಾಗ ಅದು ಸೊನ್ನೆ ಡಿಗ್ರಿಗಿಂತಲೂ ಕೆಳಗಿಳಿಯುತ್ತದೆ. ಕಾರ್ಖಾನೆಯಲ್ಲಿ ಒಂದು ವಸ್ತುವಾಗಿದ್ದದ್ದು ರಸ್ತೆಯಲ್ಲಿ ಇನ್ನೊಂದೇ ವಸ್ತು.

ಆದರೂ ಕಾರು ನೈಲಾನನ್ನು ಬಿಟ್ಟಿಲ್ಲ. ಬಾನೆಟ್ ಎತ್ತಿದರೆ ಗಾಳಿ ಒಳಗೊಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡ್, ರೇಡಿಯೇಟರಿನ ಎರಡು ತುದಿಯ ಟ್ಯಾಂಕುಗಳು, ಎಂಜಿನ್ ಕವರ್, ಫ್ಯಾನಿನ ಚೌಕಟ್ಟು, ಇಂಧನದ ಪೈಪು, ವೈರಿಂಗ್ ಕಟ್ಟುವ ಟೈ ಹೀಗೆ ಎಲ್ಲೆಲ್ಲೂ ಅದೇ. ಎಣ್ಣೆ, ಗ್ರೀಸು, ಬಿಸಿ, ನಡುಕ ಇವನ್ನೆಲ್ಲ ಇಷ್ಟು ಅಗ್ಗದಲ್ಲಿ ತಾಳುವ ಪ್ಲಾಸ್ಟಿಕ್ ಹೆಚ್ಚಿಲ್ಲ. ಹಾಗಾಗಿ ಪ್ರಶ್ನೆ ಶುರುವಿನಿಂದಲೂ ಒಂದೇ: ನೈಲಾನನ್ನು ಉಳಿಸಿಕೊಂಡು ಅದರ ನೀರಡಿಕೆಯನ್ನು ತಗ್ಗಿಸುವುದು ಹೇಗೆ?

ಇದಕ್ಕೆ ಮೊದಲ ಗಟ್ಟಿ ಉತ್ತರ ಬಂದದ್ದು ಜಪಾನಿನಿಂದ. ನೈಲಾನಿಗೆ ಜೇಡಿಮಣ್ಣು ಬೆರೆಸುವ ಪೇಟೆಂಟ್ ಅಲ್ಲಿ 1970ರ ದಶಕದಲ್ಲೇ ಇತ್ತು. ಆದರೆ ಬೆರೆಸುವುದನ್ನು ಅಣುಗಳ ಮಟ್ಟಕ್ಕೆ ಒಯ್ದು ಕಾರಿಗೆ ಹತ್ತಿಸಿದ್ದು ಟೊಯೋಟಾದ ಸೆಂಟ್ರಲ್ ರಿಸರ್ಚ್ ಅಂಡ್ ಡೆವಲಪ್‌ಮೆಂಟ್ ಲ್ಯಾಬೊರೇಟರೀಸ್. ಅವರು ಆಯ್ದುಕೊಂಡದ್ದು ಮಾಂಟ್‌ಮೊರಿಲೊನೈಟ್ ಎಂಬ ಜೇಡಿ. ನಮ್ಮ ಕಛ್ ಮತ್ತು ಬಾರ್ಮೇರಿನಲ್ಲಿ ಅಗೆದು ತೆಗೆಯುವ ಬೆಂಟೋನೈಟಿನ ಮುಖ್ಯ ಖನಿಜ ಇದೇ. ಈ ಜೇಡಿಯ ಒಂದೊಂದು ಕಣವೂ ಒಂದರ ಮೇಲೊಂದು ಕೂತ ಹಾಳೆಗಳ ಕಟ್ಟು. ಒಂದು ಹಾಳೆಯ ದಪ್ಪ ಸುಮಾರು 1 ನ್ಯಾನೊಮೀಟರ್, ಅಗಲ ನೂರಿನಿಂದ ಕೆಲವು ನೂರು ನ್ಯಾನೊಮೀಟರ್. ಎಲ್ಲ ಹಾಳೆಗಳನ್ನೂ ಬಿಡಿಸಿ ಹರಡಿದರೆ ಒಂದು ಗ್ರಾಂ ಜೇಡಿಗೆ ಸುಮಾರು 750 ಚದರ ಮೀಟರ್ ಮೈ ಸಿಗುತ್ತದೆ.

ಬಿಡಿಸುವುದೇ ಕಷ್ಟ. ಹಾಳೆಗಳ ನಡುವೆ ಸೋಡಿಯಂ ಅಯಾನುಗಳಿದ್ದು ಅವು ನೀರನ್ನು ಕರೆಯುತ್ತವೆಯೇ ಹೊರತು ಪ್ಲಾಸ್ಟಿಕ್ಕನ್ನಲ್ಲ. ಟೊಯೋಟಾದ ಆಕಾನೆ ಒಕಾಡಾ, ಅರಿಮಿತ್ಸು ಉಸುಕಿ ಮತ್ತು ಸಂಗಡಿಗರು ಆ ಸೋಡಿಯಮ್ಮನ್ನು ತೆಗೆದು ಅಲ್ಲಿ 12 ಇಂಗಾಲದ ಉದ್ದನೆಯ ಅಮೈನೊ ಆಮ್ಲವೊಂದನ್ನು ಕೂರಿಸಿದರು. ಅದರ ಒಂದು ತುದಿ ಜೇಡಿಯನ್ನು ಹಿಡಿಯಿತು. ಇನ್ನೊಂದು ತುದಿ, ನೈಲಾನ್ 6ರ ಕಚ್ಚಾವಸ್ತುವಾದ ಕ್ಯಾಪ್ರೊಲ್ಯಾಕ್ಟಮ್ ಒಳಹರಿದಾಗ, ಅದರ ಸರಪಳಿ ಬೆಳೆಯಲು ಮೊದಲ ಕೊಂಡಿಯಾಯಿತು. ನೈಲಾನ್ ಹಾಳೆಗಳ ನಡುವೆಯೇ ಹುಟ್ಟಿ, ಬೆಳೆಯುತ್ತಾ ಹೋಗಿ, ಹಾಳೆಗಳನ್ನು ತಾನೇ ದೂರ ತಳ್ಳಿತು. ಹೊರಗಿನಿಂದ ಬಲವಂತವಾಗಿ ಅರೆದು ಬೆರೆಸುವ ಬದಲು ಒಳಗಿನಿಂದಲೇ ಬಿಚ್ಚಿಕೊಳ್ಳುವ ಹಾಗೆ ಮಾಡಿದ ಈ ಯೋಚನೆ ವಸ್ತುವಿಜ್ಞಾನದ ನಿಜವಾದ ಸೊಗಸುಗಳಲ್ಲೊಂದು ಎಂದು ನಾನು ನಂಬಿದ್ದೇನೆ.

ಫಲಿತಾಂಶ ಎಲ್ಲರನ್ನೂ ಅಚ್ಚರಿಗೊಳಿಸಿತು. ತೂಕದಲ್ಲಿ ಶೇ. 4–5ರಷ್ಟು ಮಾತ್ರ ಜೇಡಿ ಸೇರಿಸಿದ್ದಕ್ಕೆ ಎಳೆತ ತಾಳುವ ಬಲ 69ರಿಂದ 107 ಮೆಗಾಪ್ಯಾಸ್ಕಲಿಗೆ ಏರಿತು, ಬಿಗುಪು ಹೆಚ್ಚುಕಡಿಮೆ ಎರಡರಷ್ಟಾಯಿತು, ಭಾರ ಹೊತ್ತಾಗ ಬಾಗಲು ಶುರುವಾಗುವ ಉಷ್ಣತೆ 65 ಡಿಗ್ರಿಯಿಂದ ಸುಮಾರು 150 ಡಿಗ್ರಿಗೆ ಹೋಯಿತು. 1980ರ ದಶಕ ಮುಗಿಯುವ ಹೊತ್ತಿಗೆ ಎಂಜಿನ್ನಿನ ಟೈಮಿಂಗ್ ಬೆಲ್ಟ್ ಮುಚ್ಚುವ ಕವರ್ ಆಗಿ ಈ ವಸ್ತು ಕಾರಿನೊಳಗೆ ಬಂದಿತ್ತು. ತೇವದ ವಿಚಾರದಲ್ಲಿ ಅವರು ಪ್ರಕಟಿಸಿದ ಅಂಕಿ ಇದು: 25 ಡಿಗ್ರಿಯ ನೀರಿನಲ್ಲಿ ಒಂದು ದಿನ ಇಟ್ಟಾಗ ಬರೀ ನೈಲಾನ್ ಶೇ. 0.87ರಷ್ಟು ನೀರು ಹೀರಿದರೆ ಜೇಡಿ ಬೆರೆತದ್ದು ಶೇ. 0.51 ಮಾತ್ರ. ಅಂದರೆ ಸುಮಾರು ಶೇ. 40 ಕಡಿಮೆ.

ಈ ಅಂಕಿಯಲ್ಲಿ ಗಮನಿಸಬೇಕಾದದ್ದು 'ಒಂದು ದಿನ' ಎಂಬ ಮಾತನ್ನು. ಮುಂದಿನ ದಶಕಗಳ ಉತ್ಸಾಹದಲ್ಲಿ ಎಷ್ಟೋ ಬರಹಗಳು ಅದನ್ನು ಬಿಟ್ಟು 'ಶೇ. 40 ಕಡಿಮೆ ತೇವ' ಎಂದಷ್ಟೇ ಹೇಳುತ್ತಾ ಬಂದವು. ಒಂದು ದಿನದ ಪರೀಕ್ಷೆ ಹೇಳುವುದು ನೀರು ಎಷ್ಟು ಬೇಗ ಒಳಬರುತ್ತದೆ ಎಂಬುದನ್ನು. ಕೊನೆಗೆ ಒಟ್ಟು ಎಷ್ಟು ಒಳಬರುತ್ತದೆ ಎಂಬುದು ಬೇರೆಯೇ ಪ್ರಶ್ನೆ.

ಬೇಗ ಬಾರದಂತೆ ಜೇಡಿ ತಡೆಯುವ ಬಗೆ ಸರಳ. ಗದ್ದೆಬಯಲಿನಲ್ಲಿ ನಾಟಿ ಆದ ಮೇಲೆ ಆಚೆ ದಡಕ್ಕೆ ಹೋಗುವವನು ನೇರ ಹಾಯಲಾಗದೆ ಬದುಗಳ ಮೇಲೆ ಸುತ್ತಿ ಬಳಸಿ ನಡೆಯುವಂತೆ, ನೀರಿನ ಅಣು ಒಂದೊಂದು ಹಾಳೆಯನ್ನೂ ಬಳಸಿಕೊಂಡು ಹೋಗಬೇಕು. ದಾರಿ ಉದ್ದವಾಗುತ್ತದೆ. ಈ ಲೆಕ್ಕವನ್ನು ಪಾಲಿಮರ್ ವಿಜ್ಞಾನಿ ಲಾರೆನ್ಸ್ ನೀಲ್ಸನ್ 1967ರಲ್ಲೇ ಹಾಕಿಕೊಟ್ಟಿದ್ದರು: ಹಾಳೆಯ ಅಗಲವನ್ನು ದಪ್ಪದಿಂದ ಭಾಗಿಸಿ, ಅದರ ಅರ್ಧವನ್ನು ಜೇಡಿಯ ಗಾತ್ರದ ಪಾಲಿನಿಂದ ಗುಣಿಸಿ, ಒಂದು ಕೂಡಿದರೆ ದಾರಿ ಎಷ್ಟು ಪಟ್ಟು ಉದ್ದವಾಯಿತು ಎಂದು ತಿಳಿಯುತ್ತದೆ. ತೂಕದಲ್ಲಿ ಶೇ. 5 ಜೇಡಿ ಎಂದರೆ ಗಾತ್ರದಲ್ಲಿ ಸುಮಾರು ಶೇ. 2. ಹಾಳೆಗಳು ಒಂದೊಂದಾಗಿ ಬಿಡಿಸಿಕೊಂಡು, ಅಗಲ ದಪ್ಪದ 200 ಪಟ್ಟು ಇದ್ದರೆ ದಾರಿ ಮೂರು ಪಟ್ಟಾಗುತ್ತದೆ. ಅದೇ ಹಾಳೆಗಳು ಹತ್ತು ಹತ್ತರ ಕಟ್ಟಾಗಿ ಉಳಿದರೆ ಅಗಲ ದಪ್ಪದ 20 ಪಟ್ಟಷ್ಟೇ. ದಾರಿ ಬರೀ 1.2 ಪಟ್ಟು. ಜೇಡಿ ಅಷ್ಟೇ, ಖರ್ಚೂ ಅಷ್ಟೇ, ಲಾಭ ಮಾತ್ರ ಹೆಚ್ಚುಕಡಿಮೆ ಮಾಯ. ನ್ಯಾನೊಕಾಂಪೊಸಿಟ್ಟಿನ ಇಡೀ ಕಥೆ ಇರುವುದು ಈ ಎರಡು ಸಂಖ್ಯೆಗಳ ನಡುವೆ. ಪ್ರಯೋಗಾಲಯದ ಸಣ್ಣ ಪಾತ್ರೆಯಲ್ಲಿ ಸರಿಯಾಗಿ ಬಿಡಿಸಿಕೊಂಡ ಹಾಳೆಗಳು ಟನ್ನುಗಟ್ಟಲೆ ಮಾಲು ತಯಾರಿಸುವ ಎಕ್ಸ್‌ಟ್ರೂಡರಿನಲ್ಲಿ ಅರೆಬರೆ ಬಿಡಿಸಿಕೊಂಡರೆ ಪಾರ್ಟಿನ ನಡತೆಯೇ ಬೇರೆ.

ಈಗ ಎರಡನೆಯ ಪ್ರಶ್ನೆ. ದಾರಿ ಎಷ್ಟೇ ಉದ್ದವಿರಲಿ, ಸಾಕಷ್ಟು ಸಮಯ ಸಿಕ್ಕರೆ ನೀರು ತಲಪಿಯೇ ತಲಪುತ್ತದೆ. ಜೇಡಿ ಆಕ್ರಮಿಸಿದ ಒಂದಿಷ್ಟು ಜಾಗ, ಅದರ ಮೈಗೆ ಅಂಟಿ ಚಲಿಸಲಾರದ ಒಂದಿಷ್ಟು ಸರಪಳಿ ಇವನ್ನು ಬಿಟ್ಟರೆ ಉಳಿದ ಅಮೈಡ್ ಗುಂಪುಗಳೆಲ್ಲ ಮೊದಲಿನಂತೆಯೇ ನೀರಿಗೆ ಕಾದು ಕೂತಿರುತ್ತವೆ. ಆದ್ದರಿಂದ ಸಂತೃಪ್ತ ಮಟ್ಟದಲ್ಲಿ ಆಗುವ ಇಳಿಕೆ ವೇಗದಲ್ಲಿ ಆಗುವ ಇಳಿಕೆಗಿಂತ ಬಹಳ ಕಡಿಮೆ. ಇದರ ಜೊತೆ ದಪ್ಪದ ನಿಯಮವನ್ನೂ ಇಟ್ಟು ನೋಡಬೇಕು. ನೀರು ಇಂಗುವ ಸಮಯ ದಪ್ಪದ ವರ್ಗಕ್ಕೆ ಅನುಗುಣ. ಗೋಡೆ ಎರಡರಷ್ಟು ದಪ್ಪವಾದರೆ ಸಮಯ ನಾಲ್ಕು ಪಟ್ಟು. ಇಂಗುವ ವೇಗವನ್ನು ಅರ್ಧ ಮಾಡುವ ಒಳ್ಳೆಯ ನ್ಯಾನೊಕಾಂಪೊಸಿಟ್ ಕೊಡುವ ರಕ್ಷಣೆ, ಗೋಡೆಯನ್ನು ಶೇ. 40ರಷ್ಟು ದಪ್ಪ ಮಾಡಿದರೆ ಸಿಗುವ ರಕ್ಷಣೆಗೆ ಸಮ. ಹಗುರದ ದೃಷ್ಟಿಯಿಂದ ಅದು ನಿಜಕ್ಕೂ ದೊಡ್ಡದು. ಆದರೆ ಕಾರು ಹತ್ತು ಹದಿನೈದು ವರ್ಷ ಓಡುತ್ತದೆ. ಸದಾ ಒದ್ದೆಯಾಗಿರುವ ತೆಳ್ಳಗಿನ ಪಾರ್ಟಿಗೆ ಕೆಲವು ತಿಂಗಳ ಮುಂದೂಡಿಕೆಯಿಂದ ಸಿಗುವುದು ಅಲ್ಪ.

ನಿಧಾನಿಸುವುದೇ ಲಾಭವಾಗುವ ಜಾಗಗಳೂ ಇವೆ, ಅವನ್ನು ಕಡೆಗಣಿಸಬಾರದು. ಎಂಜಿನ್ ಓಡುವಾಗ ಬಾನೆಟ್ಟಿನೊಳಗಿನ ಪಾರ್ಟುಗಳು ಬಿಸಿಯಾಗಿ ಒಣಗುತ್ತವೆ. ರಾತ್ರಿ ನಿಂತಾಗ ಮತ್ತೆ ತೇವ ಎಳೆದುಕೊಳ್ಳುತ್ತವೆ. ಹೀಗೆ ಒದ್ದೆ, ಒಣಗು, ಒದ್ದೆ ಎಂದು ದಿನವೂ ಉಬ್ಬಿ ಕುಗ್ಗುವ ಪಾರ್ಟಿನಲ್ಲಿ ಸಂದುಗಳು ಸಡಿಲವಾಗುತ್ತವೆ, ಸ್ಕ್ರೂ ಬಿಗಿತ ಕಳೆದುಕೊಳ್ಳುತ್ತದೆ. ನೀರಿನ ಓಡಾಟ ಮೂರರಲ್ಲೊಂದು ಪಾಲಿಗೆ ಇಳಿದರೆ ಈ ದಿನದಿನದ ಏರಿಳಿತ ಒಳಗಿನವರೆಗೆ ಮುಟ್ಟುವುದಿಲ್ಲ. ಪಾರ್ಟು ಒಂದು ಸರಾಸರಿ ಮಟ್ಟದಲ್ಲಿ ನೆಲೆ ನಿಲ್ಲುತ್ತದೆ.

ಜೇಡಿಗೆ ತನ್ನದೇ ತೊಂದರೆಗಳೂ ಇದ್ದವು. ಪ್ಲಾಸ್ಟಿಕ್ಕಿಗೆ ಒಗ್ಗಿಸಲು ಹಾಳೆಗಳ ನಡುವೆ ಕೂರಿಸುವ ಸಾಮಾನ್ಯ ಅಮೋನಿಯಂ ಲವಣಗಳು 200 ಡಿಗ್ರಿ ದಾಟಿದರೆ ಒಡೆಯಲು ಶುರುವಾಗುತ್ತವೆ. ನೈಲಾನ್ 66 ಕರಗುವುದೇ 260 ಡಿಗ್ರಿಯ ಆಸುಪಾಸಿನಲ್ಲಿ. ಒಡೆದ ಲವಣದಿಂದ ಬಣ್ಣ ಕೆಡುತ್ತದೆ, ಸರಪಳಿ ತುಂಡಾಗುತ್ತದೆ, ಜೇಡಿ ಮತ್ತೆ ತನ್ನ ನೀರುಪ್ರೀತಿಯ ಮೂಲಗುಣಕ್ಕೆ ತಿರುಗುತ್ತದೆ. ಎಮಾನ್ಯುಯೆಲ್ ಜಿಯಾನೆಲಿಸ್ ಅವರ ಕಾರ್ನೆಲ್ ತಂಡ 1993ರಲ್ಲಿ ತೋರಿಸಿದ ಕರಗಿಸಿ ಬೆರೆಸುವ ವಿಧಾನ ಕೈಗಾರಿಕೆಗೆ ಸುಲಭದ ಬಾಗಿಲು ತೆರೆಯಿತು ನಿಜ. ಆದರೆ ಸುಲಭದ ದಾರಿಯಲ್ಲಿ ಹಾಳೆಗಳು ಬಿಡಿಸಿಕೊಳ್ಳುವುದೂ ಅರೆಮನಸ್ಸಿನಿಂದಲೇ. ಜೊತೆಗೆ ಬಿಗುಪು ಹೆಚ್ಚಿದ ಎಷ್ಟೋ ಮಿಶ್ರಣಗಳಲ್ಲಿ ಪೆಟ್ಟು ತಾಳುವ ಗುಣ ಇಳಿಯಿತು.

ಅಮೆರಿಕ ಇನ್ನೊಂದು ದಾರಿ ಹಿಡಿಯಿತು. ಜನರಲ್ ಮೋಟರ್ಸ್ ತನ್ನ 2002ರ ಜಿಎಂಸಿ ಸಫಾರಿ ಮತ್ತು ಷೆವರ್ಲೆ ಆಸ್ಟ್ರೊ ವ್ಯಾನುಗಳಿಗೆ ಹತ್ತಿಳಿಯುವ ಮೆಟ್ಟಿಲನ್ನು ಜೇಡಿ ಬೆರೆತ ಪಾಲಿಪ್ರೊಪಿಲೀನ್ ಜಾತಿಯ ಪ್ಲಾಸ್ಟಿಕ್ಕಿನಲ್ಲಿ ಮಾಡಿಸಿತು; 2004ರ ಇಂಪಾಲಾ ಕಾರಿನ ಪಕ್ಕದ ಪಟ್ಟಿಗೂ ಅದೇ ಬಂತು. ಪಾಲಿಪ್ರೊಪಿಲೀನಿಗೆ ನೀರೆಂದರೆ ಆಗದು. ಅದು ಹೀರುವುದು ಶೇ. 0.03ಕ್ಕೂ ಕಡಿಮೆ. ಅಲ್ಲಿ ಜೇಡಿಯ ಕೆಲಸ ನೀರು ತಡೆಯುವುದಲ್ಲ. ನೀರು ಕುಡಿಯದ, ಆದರೆ ಸೊಂಟ ಗಟ್ಟಿಯಿಲ್ಲದ ಪ್ಲಾಸ್ಟಿಕ್ಕಿಗೆ ಕಡಿಮೆ ತೂಕದಲ್ಲಿ ಬಿಗುಪು ಕೊಡುವುದು. ತೇವದ ಸಮಸ್ಯೆಗೆ ಇದೇ ಹೆಚ್ಚು ಪ್ರಾಮಾಣಿಕ ಪರಿಹಾರ ಎನ್ನುವುದು ನನ್ನ ಅಭಿಪ್ರಾಯ. ಕುಡುಕನಿಗೆ ಕಾವಲು ಕೂರುವುದಕ್ಕಿಂತ ಕುಡಿಯದವನಿಗೆ ಬಲ ತುಂಬುವುದು ಸುಲಭ. ಆದರೆ ಎಂಜಿನ್ನಿನ ಮಗ್ಗುಲಿನ ಬಿಸಿಗೆ ಪಾಲಿಪ್ರೊಪಿಲೀನ್ ನಿಲ್ಲದು; ಅದರ ರಾಜ್ಯ ಬಂಪರ್, ಡ್ಯಾಶ್‌ಬೋರ್ಡು, ಪಕ್ಕದ ಪಟ್ಟಿಗಳಿಗೆ ಸೀಮಿತ.

ಕಡಿಮೆ ನೀರು ಹೀರಿದರೆ ಸಾಕು, ತೇವದ ಭಯವಿಲ್ಲ ಎಂದುಕೊಳ್ಳುವುದೂ ತಪ್ಪು. ವೈರಿಂಗ್ ಕನೆಕ್ಟರುಗಳಿಗೆ ಬಳಸುವ ಪಿಬಿಟಿ ಎಂಬ ಪಾಲಿಯೆಸ್ಟರ್ ನೀರಿನಲ್ಲಿ ಮುಳುಗಿದ್ದರೂ ಶೇ. 0.5ರಷ್ಟು ಮಾತ್ರ ಹೀರುತ್ತದೆ, ಅಳತೆ ಕದಲುವುದಿಲ್ಲ. ಆದರೆ ಬಿಸಿ ಮತ್ತು ತೇವ ಜೊತೆಯಾದಾಗ ಆ ಚೂರು ನೀರೇ ಅದರ ಎಸ್ಟರ್ ಬಂಧಗಳನ್ನು ಕತ್ತರಿಸುತ್ತಾ ಹೋಗುತ್ತದೆ. 85 ಡಿಗ್ರಿ ಉಷ್ಣತೆ, ಶೇ. 85 ಆರ್ದ್ರತೆಯ ಪೆಟ್ಟಿಗೆಯಲ್ಲಿ ಸಾವಿರ ಗಂಟೆ ಇಟ್ಟರೆ ಮಾಮೂಲಿ ಪಿಬಿಟಿ ಪುಡಿಯಾಗುವಷ್ಟು ಪೆಡಸಾಗಬಲ್ಲದು. ಅದಕ್ಕಾಗಿಯೇ ಜಲವಿಘಟನೆ ತಾಳುವ ವಿಶೇಷ ಗ್ರೇಡುಗಳು ಬಂದಿವೆ. ನೈಲಾನ್ ಹೊಟ್ಟೆ ತುಂಬ ಕುಡಿದರೂ ಒಣಗಿಸಿದರೆ ಬಹುಮಟ್ಟಿಗೆ ಮೊದಲಿನಂತಾಗುತ್ತದೆ. ಪಿಬಿಟಿಗಾದ ಗಾಯ ಮಾಯುವುದಿಲ್ಲ. ಎಷ್ಟು ಬೇಗ, ಎಷ್ಟು, ಏನು ಹಾನಿ ಎಂಬ ಮೂರಕ್ಕೂ ಬೇರೆ ಬೇರೆ ಉತ್ತರ ಕೊಡದ ಯಾವ 'ತೇವನಿರೋಧಕ' ಲೇಬಲ್ಲನ್ನೂ ನಂಬಬಾರದು.

ಸರಪಳಿಯಲ್ಲಿ ಅಮೈಡುಗಳನ್ನು ವಿರಳ ಮಾಡುವುದು ರಸಾಯನಶಾಸ್ತ್ರದ ಹಳೆಯ ದಾರಿ. ನೈಲಾನ್ 12 ಮತ್ತು ನೈಲಾನ್ 11 ನೀರಿನಲ್ಲಿ ಮುಳುಗಿದ್ದರೂ ಹೀರುವುದು ಶೇ. 2ರ ಒಳಗೆ. ನೈಲಾನ್ 11ರ ಮೂಲ ಹರಳೆಣ್ಣೆ. ಜಗತ್ತಿನಲ್ಲಿ ಅತಿ ಹೆಚ್ಚು ಹರಳು ಬೆಳೆಯುವ ದೇಶ ನಮ್ಮದು. ಲಾರಿಗಳ ಏರ್‌ಬ್ರೇಕ್ ಪೈಪು, ಇಂಧನದ ಪೈಪುಗಳಲ್ಲಿ ಈ ನೈಲಾನುಗಳು ದಶಕಗಳಿಂದ ಇವೆ. ಬೆಲೆ ಮಾತ್ರ ನೈಲಾನ್ 6ರ ಹಲವು ಪಟ್ಟು.

ಇಂಗಾಲದ ನ್ಯಾನೊಕಣಗಳ ವಿಷಯದಲ್ಲಿ ಸದ್ದೇ ಹೆಚ್ಚು. ನ್ಯಾನೊಟ್ಯೂಬು ಬೆರೆಸಿದ ನೈಲಾನ್ 12ರ ಇಂಧನ ಪೈಪು ಅಮೆರಿಕದಲ್ಲಿ 1990ರ ದಶಕದಿಂದ ಇದೆ, ಆದರೆ ಅದು ಹರಿಯುವ ಪೆಟ್ರೋಲಿನಿಂದ ಹುಟ್ಟುವ ಸ್ಥಿರವಿದ್ಯುತ್ತನ್ನು ಇಳಿಸಲು. ಫೋರ್ಡ್ 2018ರಲ್ಲಿ ಎಂಜಿನ್ ಕವರುಗಳಿಗೆ ಗ್ರಾಫೀನ್ ತಂದದ್ದು ಸದ್ದು ತಗ್ಗಿಸಲು, ಬಿಸಿ ತಾಳಲು. ಗ್ರಾಫೀನ್ ಆಕ್ಸೈಡ್ ಬೆರೆಸಿ ತೇವ ತಡೆಯುತ್ತೇವೆ ಎನ್ನುವ ಪ್ರಬಂಧಗಳನ್ನು ಓದುವಾಗ ಒಂದು ಎಚ್ಚರ ಬೇಕು: ಗ್ರಾಫೀನ್ ಆಕ್ಸೈಡ್ ತಾನೇ ನೀರುಪ್ರಿಯ. ಮೈಯನ್ನು ಸರಿಯಾಗಿ ಬದಲಿಸದಿದ್ದರೆ ಅದು ನೀರಿಗೆ ಕಾವಲಾಗುವ ಬದಲು ಆಸರೆಯಾದೀತು.

ಇಷ್ಟೆಲ್ಲ ಆದ ಮೇಲೂ ಬಾನೆಟ್ಟಿನೊಳಗೆ ಇಂದಿಗೂ ಆಳುತ್ತಿರುವುದು ಶೇ. 30 ಗಾಜಿನೆಳೆ ತುಂಬಿದ ನೈಲಾನ್. ಗಾಜಿನೆಳೆ ಅಗ್ಗ, ಯಾವ ಎಕ್ಸ್‌ಟ್ರೂಡರಿನಲ್ಲೂ ಬೆರೆಯುತ್ತದೆ, ಬಿಗುಪನ್ನು ಮೂರು ಪಟ್ಟು ಮಾಡುತ್ತದೆ, ಉಬ್ಬನ್ನು ಹಿಡಿದಿಡುತ್ತದೆ. ತೂಕ ಮಾತ್ರ ಏರುತ್ತದೆ: ಬರೀ ನೈಲಾನಿನ ಸಾಂದ್ರತೆ 1.14, ಗಾಜು ತುಂಬಿದ್ದು 1.36, ಜೇಡಿ ಬೆರೆತದ್ದು 1.15ರ ಆಸುಪಾಸು. ಗಾಜಿನ ಮೈಗೂ ಪ್ಲಾಸ್ಟಿಕ್ಕಿಗೂ ನಡುವಿನ ಅಂಟು ಬಿಟ್ಟರೆ ಎಳೆಯ ಉದ್ದಕ್ಕೂ ನೀರು ಹರಿಯುತ್ತದೆ. ರೇಡಿಯೇಟರ್ ಟ್ಯಾಂಕಿನಲ್ಲಿ ಬಿಸಿ ಕೂಲಂಟ್ ಮಾಡುವ ಹಾನಿಯಲ್ಲಿ ಇದೂ ಒಂದು. ಗಾಜನ್ನು ಸ್ವಲ್ಪ ಕಡಿಮೆ ಮಾಡಿ ಅದರ ಜೊತೆಗೇ ಒಂದೆರಡು ಪಾಲು ಜೇಡಿ ಸೇರಿಸುವ ಮಿಶ್ರ ದಾರಿಯಲ್ಲಿ ನನಗೆ ಹೆಚ್ಚು ಭರವಸೆ ಕಾಣುತ್ತದೆ, ಏಕೆಂದರೆ ಅಲ್ಲಿ ಜೇಡಿಯಿಂದ ಅದು ಮಾಡಲಾರದ್ದನ್ನು ಯಾರೂ ಕೇಳುವುದಿಲ್ಲ.

ನಿಧಾನಿಸುವ ಗುಣಕ್ಕೆ ತಕ್ಕ ಕೆಲಸ ಇಂಧನದ ಹಾದಿಯಲ್ಲಿದೆ. ನಮ್ಮ ಪೆಟ್ರೋಲಿನಲ್ಲಿ ಈಗ ಶೇ. 20 ಎಥನಾಲ್, ಬೆಳಗಾವಿ, ಬಾಗಲಕೋಟೆಯ ಕಬ್ಬು ಇದರಲ್ಲಿ ದೊಡ್ಡ ಪಾಲುದಾರ. ಎಥನಾಲಿಗೂ ನೀರಿನಂತೆಯೇ ಹೈಡ್ರೋಜನ್ ಬಂಧದ ಬಯಕೆ, ಅದು ನೈಲಾನಿನೊಳಗೆ ಅದೇ ಬಾಗಿಲಿನಿಂದ ನುಗ್ಗುತ್ತದೆ. ಮೇಲಾಗಿ ಗಾಳಿಯಿಂದ ತೇವವನ್ನೂ ಎಳೆದುಕೊಳ್ಳುತ್ತದೆ. ಪ್ಲಾಸ್ಟಿಕ್ ಟ್ಯಾಂಕಿನಲ್ಲಿ ಪೆಟ್ರೋಲ್ ಆವಿ ತಡೆಯುವ ಇವಿಒಎಚ್ ಪದರಕ್ಕೂ ತೇವ ತಗುಲಿದರೆ ತಡೆಯುವ ಶಕ್ತಿ ಕುಗ್ಗುತ್ತದೆ, ಆದ್ದರಿಂದಲೇ ಅದನ್ನು ಪಾಲಿಥಿನ್ ಪದರಗಳ ನಡುವೆ ಹುದುಗಿಸುತ್ತಾರೆ. ಇಲ್ಲಿ ಗಂಟೆಗೆ ಎಷ್ಟು ಆವಿ ಸೋರಿತು ಎಂಬುದೇ ಲೆಕ್ಕ, ಅಂದರೆ ವೇಗವೇ ಮುಖ್ಯ. ಹಾಳೆಗಳು ಗೋಡೆಗೆ ಸಮಾನಾಂತರವಾಗಿ ಮಲಗಿದ ನೈಲಾನ್–ಜೇಡಿ ಪದರ ಇಂಥ ಕಡೆ ಮನಸಾರೆ ದುಡಿಯುತ್ತದೆ.

ವಿದ್ಯುತ್ ಕಾರುಗಳು ಪ್ರಶ್ನೆಯನ್ನು ಇನ್ನಷ್ಟು ಬಿಗಿ ಮಾಡಿವೆ. 400, 800 ವೋಲ್ಟ್ ಹರಿಯುವ ಕಿತ್ತಳೆ ಬಣ್ಣದ ಕನೆಕ್ಟರಿನಲ್ಲಿ ತೇವವೆಂದರೆ ಮೆತ್ತಗಾಗುವುದಷ್ಟೇ ಅಲ್ಲ, ವಿದ್ಯುತ್ ನಿರೋಧ ಕುಸಿಯುವುದು. ಅಲ್ಲಿ ಬಳಸುವ ವಸ್ತುವಿನ ಡೇಟಾಶೀಟ್ ತೆರೆದರೆ ಎರಡು ಕಾಲಂ ಕಾಣುತ್ತವೆ: ಒಣ ಸ್ಥಿತಿ ಮತ್ತು 23 ಡಿಗ್ರಿ, ಶೇ. 50 ಆರ್ದ್ರತೆಯಲ್ಲಿ ಹದಗೊಂಡ ಸ್ಥಿತಿ. ಯುರೋಪಿನ ಸರಾಸರಿ ದಿನಕ್ಕೆ ಅದು ಸರಿ. ಅಂತರರಾಷ್ಟ್ರೀಯ ಮಾನದಂಡದಲ್ಲೇ ಉಷ್ಣದೇಶಗಳಿಗೆಂದು 27 ಡಿಗ್ರಿ, ಶೇ. 65 ಎಂಬ ಇನ್ನೊಂದು ಹವೆ ಇದೆ. ಅದರಲ್ಲಿ ಅಳೆದ ಅಂಕಿಗಳು ಡೇಟಾಶೀಟಿನಲ್ಲಿ ಕಾಣಸಿಗುವುದು ಅಪರೂಪ. ಜುಲೈಯಲ್ಲಿ ಮಂಗಳೂರು, ಆಗುಂಬೆ, ಕಾರವಾರಗಳ ಗಾಳಿ ಶೇ. 85–90ರಲ್ಲಿ ವಾರಗಟ್ಟಲೆ ನಿಲ್ಲುತ್ತದೆ, ಅಲ್ಲಿ ನೈಲಾನ್ 6 ಹಿಡಿಯುವ ತೇವ ಡೇಟಾಶೀಟಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಮೇ ತಿಂಗಳ ಕಲಬುರಗಿಯಲ್ಲಿ ಅದೇ ಪಾರ್ಟು ಒಣಗಿ ಪೆಡಸಾಗುತ್ತದೆ. ಒಂದೇ ಮಾಡೆಲ್ಲಿನ ಕಾರು ಎರಡೂ ಊರಿಗೆ ಹೋಗುತ್ತದೆ.

ಹಾಗಾಗಿ ಇಲ್ಲಿ ಮಾರುವ ಪ್ರತಿಯೊಂದು ಗ್ರೇಡಿಗೂ ಶೇ. 90 ಆರ್ದ್ರತೆಯ ಮೂರನೆಯ ಕಾಲಂ ಬೇಕು. ಅದರಲ್ಲಿ ಬಿಗುಪು, ಅಳತೆಯ ಬದಲಾವಣೆ, ವಿದ್ಯುತ್ ನಿರೋಧ ಮೂರೂ ಇರಬೇಕು. ನ್ಯಾನೊಕಾಂಪೊಸಿಟ್ ಆಗಿದ್ದರೆ ಒಂದು ದಿನದ ಅಂಕಿಯ ಪಕ್ಕದಲ್ಲಿ ಸಂತೃಪ್ತ ಮಟ್ಟದ ಅಂಕಿಯೂ ಇರಬೇಕು. ಇದನ್ನು ಅಳೆಯಲು ಹೊಸ ವಿಜ್ಞಾನವೇನೂ ಬೇಡ. ಆರ್ದ್ರತೆ ಹಿಡಿದಿಡುವ ಒಂದು ಪೆಟ್ಟಿಗೆ, ಒಂದು ಸೂಕ್ಷ್ಮ ತಕ್ಕಡಿ, ಕೆಲವು ತಿಂಗಳ ತಾಳ್ಮೆ ಸಾಕು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಪಾಲಿಮರ್ ವಿಭಾಗಗಳಲ್ಲಿ ಇದು ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರು ಮಾಡಿ ಮುಗಿಸಬಹುದಾದ ಕೆಲಸ.